ಪ್ರತಿ ರಿವ್ಯೂನಲ್ಲೂ "ಲೇಬರ್ ಇಲ್ಲ": ನಿಜವಾದ ಕಾರಣ ಹುಡುಕೋದು ಹೇಗೆ?

ಕಾರಟಗಿ_ಸೈಟ್
ಕಾರಟಗಿ ಹತ್ತಿರ ಹೊಸ ರೈಸ್ ಮಿಲ್ ಕೆಲಸ ನಡೆದಿದೆ. ಸಿವಿಲ್, ಶೆಡ್, ಮಷಿನರಿ, ಕರೆಂಟ್ ನಾಲ್ಕಕ್ಕೂ ಬೇರೆ ಬೇರೆ ಗುತ್ತಿಗೆದಾರರು. ನವೆಂಬರ್‌ನಲ್ಲಿ ಮುಂಗಾರಿನ ಭತ್ತ ಬರೋದ್ರೊಳಗೆ ಮಿಲ್ ಓಡಲೇಬೇಕು. ಶೆಲ್ಲರ್ (ಭತ್ತದ ಹೊಟ್ಟು ಬಿಡಿಸೋ ಮಷಿನ್), ಎಲಿವೇಟರ್ (ಭತ್ತ ಮೇಲೆತ್ತೋ ಮಷಿನ್) ಫೌಂಡೇಶನ್ ಕೆಲಸ ಮೂರು ವಾರ ತಡವಾಗಿದೆ. ಯಾರನ್ನ ಕೇಳಿದರೂ "ಲೇಬರ್ ಇಲ್ಲ ಸರ್". ಇನ್ನೊಂದು ಗ್ಯಾಂಗ್ ತರಿಸಿ ಅಂತ ಮಾಲೀಕರ ಒತ್ತಾಯ. ದುಡ್ಡು ಸುರಿಯುವ ಮೊದಲೇ ಅದರಿಂದ ಉಪಯೋಗ ಆಗುತ್ತೋ ಇಲ್ಲವೋ ತಿಳಿಯೋಕೆ ಕ್ರಮಬದ್ಧ ದಾರಿ ಇದೆಯಾ? ಫೈವ್ ವೈ (ಒಂದೊಂದು ಉತ್ತರಕ್ಕೂ ಮತ್ತೆ "ಯಾಕೆ" ಅಂತ ಐದು ಸಲ ಕೇಳೋದು) ಮಾಡಿದೆವು. ಐದನೇ "ಯಾಕೆ"ಗೆ "ಮ್ಯಾನೇಜ್‌ಮೆಂಟ್ ಸರಿ ಇಲ್ಲ" ಅಂತ ಬಂದು ನಿಂತಿತು.

ಬಳ್ಳಾರಿ_ಪ್ಲಾನರ್
ಫೈವ್ ವೈ ಟೊಯೋಟಾದಲ್ಲಿ ಬೆಳೆದ ಪದ್ಧತಿ. ಒಂದು ಮಷಿನ್ ನಿಂತಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕಂದ್ರೆ ಪ್ರತಿ ಉತ್ತರವನ್ನೂ ಅಲ್ಲೇ ಬಿಚ್ಚಿ ನೋಡಬಹುದು. ನಾಲ್ಕು ಗುತ್ತಿಗೆದಾರರಿರುವ ಕಡೆ ಒಂದೊಂದು "ಯಾಕೆ"ಗೂ ಎರಡು ಮೂರು ಉತ್ತರ ಇರುತ್ತವೆ. ಪರೀಕ್ಷಿಸದೆ ಒಂದನ್ನೇ ಹಿಡಿದು ಇಳಿದರೆ ಕೊನೆಗೆ ಯಾರದೋ ತಲೆಗೆ ಕಟ್ಟುವಲ್ಲಿಗೆ ಮುಗಿಯುತ್ತದೆ.

ನಿಮ್ಮ ಪ್ರಶ್ನೆಗೆ ಕೆಪ್ನರ್-ಟ್ರೆಗೋ ವಿಧಾನದ "ಇದೆ, ಇಲ್ಲ" ಪಟ್ಟಿ ಸರಿಹೊಂದುತ್ತದೆ. ಒಂದು ಹಾಳೆ, ನಡುವೆ ಗೆರೆ. ಎಡಕ್ಕೆ ತಡ ಎಲ್ಲಿ ಇದೆ, ಯಾವಾಗಿನಿಂದ, ಎಷ್ಟು. ಬಲಕ್ಕೆ ತಡ ಆಗಬಹುದಾಗಿದ್ದೂ ಆಗದ ಕೆಲಸಗಳು. ಜನ ಯಾವಾಗಲೂ ಎಡಭಾಗ ಮಾತ್ರ ತುಂಬುತ್ತಾರೆ, ಉತ್ತರ ಸಿಗೋದು ಬಲಭಾಗದಲ್ಲಿ. ನೀವು ಹೇಳುವ ಕಾರಣ ಎರಡೂ ಕಡೆಗೆ ಹೊಂದಬೇಕು. ಕಾಂಪೌಂಡ್, ಗೋಡೌನ್ ಪ್ಲಿಂತ್ ಸರಿಯಾದ ಹೊತ್ತಿಗೆ ಮುಗಿದಿದ್ದರೆ, ಲೇಬರ್ ಕೊರತೆ ಶೆಲ್ಲರ್ ಫೌಂಡೇಶನ್ನನ್ನು ಮಾತ್ರ ಯಾಕೆ ಹಿಡಿಯಿತು ಅನ್ನೋದಕ್ಕೆ ಉತ್ತರ ಬೇಕು.

ಸಿಂಧನೂರು_ಸಿವಿಲ್
ಮೇಲಿನ ಮಾತು ಸರಿ ಐತ್ರಿ, ಆದ್ರ ಹೋಲಿಕೆ ಜ್ವಾಕೆ. "ಲೇಬರ್" ಅಂದ್ರ ಯಾರು? ಕಾಂಪೌಂಡಿಗೆ ಗೌಂಡಿ ಮತ್ತ ಹೆಲ್ಪರ್ ಸಾಕು. ಫೌಂಡೇಶನ್ನಿಗೆ ಬಾರ್ ಬೆಂಡರ್ (ಕಬ್ಬಿಣ ಕಟ್ಟಾವ್ರು), ಸೆಂಟ್ರಿಂಗ್‌ನವ್ರು ಬೇಕು. ಗೌಂಡಿ ಹತ್ತು ಮಂದಿ ಇದ್ದು ಬಾರ್ ಬೆಂಡರ್ ಇಬ್ಬರೇ ಇದ್ರ ಕಾಂಪೌಂಡ್ ಏಳ್ತೈತಿ, ಫೌಂಡೇಶನ್ ಏಳೂದಿಲ್ಲ. ಹಂಗಾಗಿ ಕಾಂಪೌಂಡ್ ನೋಡಿ ಲೇಬರ್ ಕಾರಣ ಅಲ್ಲ ಅನ್ನಾಕ ಬರೂದಿಲ್ಲ. ಅದೇ ಮಂದಿ ಮಾಡಿದ ಇನ್ನೊಂದು ಫೌಂಡೇಶನ್ ಹುಡುಕ್ರಿ. ಬಾಯ್ಲರಿಂದು ಏನಾತು?

ಇನ್ನೊಂದು, ಹಾಜರಿ ಪುಸ್ತಕದಾಗ ತಲೆ ಎಣಿಸಬ್ಯಾಡ್ರಿ. ಕಸುಬಿನ ಪ್ರಕಾರ ಬ್ಯಾರೆ ಮಾಡಿ, ಪಕ್ಕದಾಗ ಆ ದಿನ ಎಷ್ಟು ಕಿಲೋ ಕಬ್ಬಿಣ ಕಟ್ಟಿದ್ರು ಬರೀರಿ. ಮಂದಿ ಬಂದೂ ಕಬ್ಬಿಣ ಕಟ್ಟದ ದಿನ ಇದ್ರ, ಅವ್ರು ಏನರ ಕಾಯ್ತಿದ್ರು ಅಂತ ಅರ್ಥ.

ಕಾರಟಗಿ_ಸೈಟ್
ಇಬ್ಬರಿಗೂ ಧನ್ಯವಾದ. ಬಾಯ್ಲರ್ ಫೌಂಡೇಶನ್ ಅದೇ ಬಾರ್ ಬೆಂಡರ್‌ಗಳಿಂದ ಸಮಯಕ್ಕೆ ಮುಗಿದಿದೆ. ಡೈಲಿ ರಿಪೋರ್ಟ್ ತೆಗೆದರೆ, ಹಾಜರಿ ಇದ್ದೂ ಕಬ್ಬಿಣದ ಕೆಲಸ ಸೊನ್ನೆ ಅಂತ ಇರುವ ದಿನಗಳು ಸಿಕ್ಕವು. ಎಲ್ಲವೂ ಶೆಲ್ಲರ್ ಆಂಕರ್ ಬೋಲ್ಟ್ (ಮಷಿನನ್ನ ಫೌಂಡೇಶನ್‌ಗೆ ಬಿಗಿಯೋ ಬೋಲ್ಟ್) ಡ್ರಾಯಿಂಗ್‌ನ ಎರಡನೇ ರಿವಿಶನ್‌ಗೆ ಕಾಯುತ್ತಿದ್ದ ಅವಧಿಯವು. ಮೂರನೇ ರಿವಿಶನ್ ಕೂಡ ಬರಬಹುದಂತೆ.

ಬಳ್ಳಾರಿ_ಪ್ಲಾನರ್
ಹಾಗಾದರೆ ಹೊಸ ಗ್ಯಾಂಗ್ ತರಿಸಿದರೆ ಅವರೂ ಕೂತು ಕಾಯುತ್ತಾರೆ. ಮಾಲೀಕರ ಮುಂದೆ ಬಾಯಿಮಾತಿನ ವಾದ ಬೇಡ, ಆ ದಿನಗಳ ಪಟ್ಟಿ ಇಡಿ. ಜೊತೆಗೆ, ಯಾವ ಅಂಕಿ ಕಂಡರೆ ನಮ್ಮ ನಿರ್ಣಯ ತಪ್ಪು ಅಂತ ಒಪ್ಪುತ್ತೇವೆ ಅನ್ನೋದನ್ನೂ ಈಗಲೇ ಬರೆದಿಡಿ. ಡ್ರಾಯಿಂಗ್ ಕೈಗೆ ಬಂದ ವಾರದಲ್ಲೂ ಕಬ್ಬಿಣದ ಕೆಲಸ ಏರದಿದ್ದರೆ ಲೇಬರ್ ಪ್ರಶ್ನೆಯನ್ನ ಮತ್ತೆ ತೆರೆಯಬೇಕು.

ಈಗ "ಡ್ರಾಯಿಂಗ್" ಅನ್ನೋದನ್ನೂ ಒಡೆದು ನೋಡಿ. ಅದರಲ್ಲಿ ಎರಡು ಮಾಹಿತಿ ಇದೆ: ಒಂದು, ಮಷಿನ್‌ನ ತೂಕ, ಅದುರುವಿಕೆ ಮತ್ತು ಹೊರ ಅಳತೆ; ಎರಡು, ಬೋಲ್ಟ್‌ಗಳ ನಿಖರ ಜಾಗ. ಬ್ಲಾಕ್‌ನ ಗಾತ್ರ, ಆಳ, ಕಬ್ಬಿಣ ನಿರ್ಧಾರ ಆಗೋದು ಮೊದಲನೆಯದರಿಂದ. ಅದನ್ನ ಸರಬರಾಜುದಾರರಿಂದ ಸಹಿ ಸಮೇತ ಪಡೆದು, ಬೋಲ್ಟ್ ಜಾಗದಲ್ಲಿ ಪಾಕೆಟ್ (ಖಾಲಿ ಗುಳಿ) ಬಿಟ್ಟು ಕಾಂಕ್ರೀಟ್ ಹಾಕಬಹುದಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕೇಳಿ. ಬೋಲ್ಟ್ ಆಮೇಲೆ ಕೂರಿಸಿ ನಾನ್-ಶ್ರಿಂಕ್ ಗ್ರೌಟ್ (ಗಟ್ಟಿಯಾದಾಗ ಕುಗ್ಗದ ಸಿಮೆಂಟ್ ಗಾರೆ) ತುಂಬುವುದು. ಪಾಕೆಟ್ಟಿನೊಳಗೆ ಧೂಳು, ಎಣ್ಣೆ ಉಳಿದರೆ ಗ್ರೌಟ್ ಹಿಡಿಯದೆ, ಅದುರುವ ಮಷಿನ್ ಕೆಳಗೆ ಬೋಲ್ಟ್ ಸಡಿಲವಾಗುತ್ತದೆ. ಪಾಕೆಟ್ ಸ್ವಚ್ಛವಾಗಿದೆ ಅಂತ ಗ್ರೌಟ್‌ಗೆ ಮುಂಚೆ ಒಬ್ಬರು ಸಹಿ ಹಾಕಬೇಕು.

ಎಲ್ಲಿ ಅವಧಿ ಕಡಿತ ಮಾಡಬಾರದು ಅನ್ನೋದೂ ಬರೆದಿಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಥರದ ಮಿಶ್ರ ಸಿಮೆಂಟಿಗೆ ಕ್ಯೂರಿಂಗ್ (ಕಾಂಕ್ರೀಟನ್ನ ಹಸಿಯಾಗಿಡೋದು) ಕನಿಷ್ಠ 10 ದಿನ, ಸಾಧ್ಯವಾದರೆ 14. ಒತ್ತಡ ಬಂದಾಗ ಮೊದಲು ಕತ್ತರಿ ಬೀಳೋದು ಇದಕ್ಕೇ.

ಸಿಂಧನೂರು_ಸಿವಿಲ್
ನಿಮ್ಮ ಕಡೆ ಎರಿ ಮಣ್ಣು. ಅಗೆದ ಗುಂಡಿ ತೆರದು ಬಿಟ್ರ ಒಂದು ಮಳಿಗೆ ತಳ ಮೆತ್ತಗಾಗಿ, ಮತ್ತ ಅಗೀಬೇಕು. ಬ್ಲಾಕಿನ ಗಾತ್ರ, ಆಳದ ಡ್ರಾಯಿಂಗ್ ಕೈಗೆ ಬರೂಮಟ ಅಗೀಬ್ಯಾಡ್ರಿ. ಆಳ ಮುಟ್ಟಿದ ದಿನಾನೇ ಪಿಸಿಸಿ (ಕಬ್ಬಿಣ ಇಲ್ಲದ ತಳದ ಕಾಂಕ್ರೀಟ್) ಹಾಕಿಬಿಡ್ರಿ.

ರಾಯಚೂರು_ಪಿಎಂಒ
ಮುಂದಿನ ರಿವಿಶನ್ ಯಾವಾಗ ಬರುತ್ತದೆ ಅಂತ ಒಂದೇ ತಾರೀಖು ಕೇಳಬೇಡಿ. ಮೂರು ಕೇಳಿ: ಎಲ್ಲ ಸುಸೂತ್ರವಾದರೆ, ಸಾಮಾನ್ಯವಾಗಿ, ಎಲ್ಲ ಕೆಟ್ಟರೆ. ಉದಾಹರಣೆಗೆ 4, 6, 14 ದಿನ ಅಂದರೆ, ಮಧ್ಯದ್ದನ್ನು ನಾಲ್ಕರಿಂದ ಗುಣಿಸಿ ಕೂಡಿ ಆರರಿಂದ ಭಾಗಿಸಿ: 4+24+14=42, ಅಂದರೆ 7 ದಿನ. ಆ 7ಕ್ಕಿಂತ "14 ಯಾಕೆ?" ಅನ್ನೋದಕ್ಕೆ ಅವರು ಕೊಡುವ ಉತ್ತರ ಮುಖ್ಯ, ರಿಸ್ಕ್ ಅಲ್ಲೇ ಅಡಗಿರುತ್ತದೆ.

ಆಮೇಲೆ ನಾಲ್ಕೂ ಗುತ್ತಿಗೆದಾರರನ್ನ ಕೂರಿಸಿ, "ಈಗ ಡಿಸೆಂಬರ್, ಮಿಲ್ ಇನ್ನೂ ಓಡಿಲ್ಲ, ಯಾಕೆ?" ಅಂತ ಒಂದು ಪ್ರಶ್ನೆ ಕೊಡಿ. ಗ್ಯಾರಿ ಕ್ಲೈನ್ ರೂಪಿಸಿದ ಪ್ರಿ-ಮಾರ್ಟಮ್ ಇದು. ಹತ್ತು ನಿಮಿಷ ಯಾರೂ ಮಾತಾಡದೆ ಚೀಟಿಯಲ್ಲಿ ಬರೆಯಬೇಕು. ಬಾಯಲ್ಲಿ ಕೇಳಿದರೆ ಮೊದಲು ಮಾತಾಡಿದವರ ಹಿಂದೆಯೇ ಎಲ್ಲರೂ ಹೋಗುತ್ತಾರೆ, ಮತ್ತೆ "ಲೇಬರ್" ಅಂತಲೇ ಬರುತ್ತದೆ. ಟ್ರಾನ್ಸ್‌ಫಾರ್ಮರ್, ಬಾಯ್ಲರ್ ತಪಾಸಣೆಯಂಥ ಹೊರಗಿನ ಒಪ್ಪಿಗೆಗಳು ಚೀಟಿಯಲ್ಲಿ ಬಂದರೆ, ಅರ್ಜಿ ಹಾಕಿದ ತಾರೀಖು ಸಮೇತ ಶೆಡ್ಯೂಲ್‌ಗೆ ಸೇರಿಸಿ. ಹೊಣೆಯ ಕಾಲಂನಲ್ಲಿ ಕಂಪನಿ ಹೆಸರು ಬರೆದರೆ ಸಾಲದು, ಫೋನ್ ಎತ್ತುವ ಒಬ್ಬ ವ್ಯಕ್ತಿಯ ಹೆಸರೇ ಇರಲಿ.