ಪೋಸ್ಟ್‌ಮನ್‌ನಲ್ಲಿ ರೇಟು ಬರುತ್ತದೆ, ಬ್ರೌಸರ್‌ನಲ್ಲಿ ಮಾತ್ರ ಇಲ್ಲ

ಹತ್ತಿಕಾಳು, ರಾಯಚೂರು:
ರಾಜೇಂದ್ರ ಗಂಜ್‌ನಲ್ಲಿ ನಮ್ಮ ಮಾವನ ದಲಾಲಿ ಅಂಗಡಿ ಇದೆ. ದಿನದ ಹತ್ತಿ ರೇಟು ತೋರಿಸೋಣ ಅಂತ ಒಂದು ಸಣ್ಣ ಪೇಜ್ ಮಾಡಿದ್ದೇನೆ. ರೇಟು ಇರೋದು ಸಿಂಧನೂರಿನ ಗೆಳೆಯನ ಸರ್ವರ್‌ನಲ್ಲಿ, ಡೊಮೇನ್ ಬೇರೆ. ಅದನ್ನು ತರಿಸೋಕೆ ಕೋಡ್‌ನಲ್ಲಿ ಫೆಚ್ ಹಾಕಿದರೆ ಬ್ರೌಸರ್‌ನ ಕನ್ಸೋಲ್ (ತಪ್ಪು ತೋರಿಸೋ ಜಾಗ) ಪೂರ್ತಿ ಕೆಂಪು, ‘ಬ್ಲಾಕ್ಡ್ ಬೈ ಕಾರ್ಸ್ ಪಾಲಿಸಿ’, ಅಂದರೆ ಬೇರೆ ಡೊಮೇನ್‌ನ ಉತ್ತರ ಓದೋ ಬಗ್ಗೆ ಇರೋ ಬ್ರೌಸರ್ ನಿಯಮ ತಡೆಯಿತಂತೆ. ಅದೇ ವಿಳಾಸ ಪೋಸ್ಟ್‌ಮನ್‌ಗೆ (ಸರ್ವರ್‌ಗೆ ನೇರವಾಗಿ ಕೇಳಿಕೆ ಕಳಿಸಿ ನೋಡೋ ಆ್ಯಪ್) ಕೊಟ್ಟರೆ 200, ಅಂದರೆ ಎಲ್ಲ ಸರಿ ಅನ್ನೋ ಸ್ಟೇಟಸ್, ಬಂದು ರೇಟೆಲ್ಲ ಕಾಣುತ್ತದೆ. ಯಾರೋ ಹೇಳಿದರು ಅಂತ ಫೆಚ್‌ನ ಮೋಡ್‌ಗೆ ನೋ-ಕಾರ್ಸ್ ಹಾಕಿದೆ, ಕೆಂಪು ಹೋಯಿತು, ಜೊತೆಗೆ ರೇಟೂ ಹೋಯಿತು. ಎರಡು ದಿನದಿಂದ ಇದೇ ಗೋಳು. ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರೆ ಅರ್ಧ ನಿಮಿಷ ಆಗ್ತಿತ್ತಲ್ಲೋ ಅಂತಾರೆ ಮಾವ.

ಸೋನಾಮಸೂರಿ, ಗಂಗಾವತಿ:
ಮೊದಲು ಆ ನೋ-ಕಾರ್ಸ್ ತೆಗೆಯಿರಿ. ಅದು ಉತ್ತರವನ್ನು ಸೀಲ್ ಹಾಕಿ ಕೈಗೆ ಕೊಟ್ಟ ಹಾಗೆ, ಸ್ಟೇಟಸ್ 0, ಒಳಗೇನಿದೆ ಅಂತ ನಿಮ್ಮ ಸ್ಕ್ರಿಪ್ಟ್ ನೋಡೋ ಹಾಗಿಲ್ಲ. ತಡೆಯುತ್ತಿರೋದು ಸರ್ವರ್ ಅಲ್ಲ, ಬ್ರೌಸರ್. ಸಾದಾ ಗೆಟ್ (ಮಾಹಿತಿ ಕೊಡು ಅಂತ ಕೇಳೋದು) ಆಗಿದ್ದರೆ ಕೇಳಿಕೆ ಸಿಂಧನೂರಿಗೆ ಹೋಗಿ ಉತ್ತರ ವಾಪಸ್ಸೂ ಬಂದಿರುತ್ತದೆ, ಅದರಲ್ಲಿ ‘ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್’ ಹೆಡರ್ (ಯಾವ ಸೈಟ್ ಓದಬಹುದು ಅಂತ ಸರ್ವರ್ ಉತ್ತರದ ಜೊತೆ ಕಳಿಸೋ ಸಾಲು) ಇಲ್ಲ ಅಂತ ಬ್ರೌಸರ್ ಅದನ್ನು ನಿಮಗೆ ಕೊಡುವುದಿಲ್ಲ ಅಷ್ಟೇ. ಪೋಸ್ಟ್‌ಮನ್ ಬ್ರೌಸರ್ ಅಲ್ಲ, ಅದಕ್ಕೆ ಈ ಕಟ್ಟುಪಾಡೇ ಇಲ್ಲ. ಹಾಗಾಗಿ ನಿಮ್ಮ ಕೋಡ್ ತಿದ್ದಿ ಏನೂ ಆಗಲ್ಲ, ಗೆಳೆಯನಿಗೆ ಹೇಳಿ ಆ ಹೆಡರ್‌ನಲ್ಲಿ ನಿಮ್ಮ ಡೊಮೇನ್ ಹಾಕಿಸಿ. ಯಾರದೋ ಪುಕ್ಕಟೆ ಪ್ರಾಕ್ಸಿ (ನಡುವೆ ನಿಂತು ತಂದುಕೊಡೋ ಸರ್ವರ್) ಮಾತ್ರ ಬೇಡ, ರೇಟು ಅವರ ಕೈ ದಾಟಿ ಬರುತ್ತದೆ, ನಡುವೆ ಬದಲಾದರೆ ಗಂಜ್‌ನಲ್ಲಿ ಬೈಸಿಕೊಳ್ಳುವವರು ನೀವು.

ಬಿಸಿಲುನಾಡು, ಬಳ್ಳಾರಿ:
ಪೇಜ್ ಡಬಲ್ ಕ್ಲಿಕ್ ಮಾಡಿ ತೆರೆದಿದ್ದೀರಾ? ಅಡ್ರೆಸ್ ಬಾರ್‌ನಲ್ಲಿ ‘ಫೈಲ್’ ಅಂತ ಶುರುವಾದರೆ ಆರಿಜಿನ್ (ಪೇಜ್ ಎಲ್ಲಿಂದ ಬಂತು ಅನ್ನೋ ವಿಳಾಸ) ‘ನಲ್’, ಅಂದರೆ ಖಾಲಿ ಅಂತ ಹೋಗುತ್ತದೆ, ಆಗ ಡೊಮೇನ್ ಹಾಕಿಸಿಯೂ ಪ್ರಯೋಜನ ಇಲ್ಲ. ಇನ್ನೊಂದು, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬೇರೆ ಬೇರೆ ಆರಿಜಿನ್. ಪೋರ್ಟ್ ಬದಲಾದರೂ ಬೇರೆಯೇ.

ಹತ್ತಿಕಾಳು, ರಾಯಚೂರು:
ಇಲ್ಲ ಅಣ್ಣಾ, ಹೋಸ್ಟ್ ಮಾಡಿದ್ದೇನೆ. ಗೆಳೆಯ ಹೆಡರ್ ಹಾಕಿದ, ಆದರೂ ಹೊಂದಲಿಲ್ಲ. ನೋಡಿದರೆ ಡೊಮೇನ್ ಕೊನೆಗೆ ಒಂದು ಸ್ಲ್ಯಾಶ್ ಸೇರಿಸಿದ್ದ! ಅದು ತೆಗೆದ ಮೇಲೆ ಈಗ ಹೊಸ ರಾಗ, ‘ಪ್ರಿಫ್ಲೈಟ್’ ಪಾಸಾಗಲಿಲ್ಲ ಅಂತಿದೆ.

ಸೋನಾಮಸೂರಿ, ಗಂಗಾವತಿ:
ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆಯಿರಿ, ನಿಮ್ಮ ಗೆಟ್‌ಗೂ ಮೊದಲು ‘ಆಪ್ಷನ್ಸ್’ ಅಂತ ಒಂದು ಹೋಗಿರಬೇಕು. ಫೆಚ್‌ನಲ್ಲಿ ಕಂಟೆಂಟ್-ಟೈಪ್ (ಕಳಿಸುತ್ತಿರೋದು ಯಾವ ಬಗೆಯದು ಅನ್ನೋ ಹೆಡರ್) ‘ಅಪ್ಲಿಕೇಶನ್/ಜೇಸನ್’ ಅಂತ ಬರೆದಿದ್ದೀರಿ ಅಲ್ವಾ? ಎಲ್ಲಿಂದಲೋ ಕಾಪಿ ಮಾಡಿದಾಗ ಅದೂ ಬಂದುಬಿಡುತ್ತದೆ. ಅದಿದ್ದರೆ ಬ್ರೌಸರ್ ಮೊದಲು ಆಪ್ಷನ್ಸ್ ಕಳಿಸಿ ‘ಬರಲಾ?’ ಅಂತ ಕೇಳುತ್ತದೆ, ಅದೇ ಪ್ರಿಫ್ಲೈಟ್, ಆಪ್ಷನ್ಸ್‌ಗೆ ಉತ್ತರ ಕೊಡೋದು ಗೆಳೆಯನ ಸರ್ವರ್‌ಗೆ ಗೊತ್ತಿಲ್ಲ. ಗೆಟ್‌ನಲ್ಲಿ ಕಳಿಸೋಕೆ ಏನೂ ಇಲ್ಲವಲ್ಲ, ಆ ಸಾಲು ಸುಮ್ನೆ ಅಳಿಸಿ.

ಹತ್ತಿಕಾಳು, ರಾಯಚೂರು:
ಅಳಿಸಿದೆ, ಬಂತು!! 405 (ಈ ಬಗೆಯ ಕೇಳಿಕೆ ಒಪ್ಪಲ್ಲ) ಅಂತ ಬರ್ತಿದ್ದ ಆಪ್ಷನ್ಸ್ ಸಾಲೇ ಈಗ ಇಲ್ಲ. ಮಾವನಿಗೆ ತೋರಿಸಿದೆ, ಕನ್ನಡಕ ಏರಿಸಿ ನೋಡಿದರು. ಅಕ್ಷರ ದೊಡ್ಡದು ಮಾಡಬೇಕಂತೆ.