ಬಾಲ್ಯದ ಪುಸ್ತಕದ ಮೇಲಿನ ಪ್ರೀತಿ ಒಂದು ಜಾಗವನ್ನು ಉಳಿಸಬಲ್ಲುದೇ?

ಪ್ರಶ್ನೆ:
ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಓದಿದ ಕಥೆಪುಸ್ತಕದಲ್ಲಿ ಬರುವ ಕಾಡು, ಕೆರೆ ಅಥವಾ ಹಳೆಯ ಕಟ್ಟಡದ ಮೇಲಿನ ಮಮತೆ ದೊಡ್ಡವರಾದ ಮೇಲೂ ಉಳಿದಿರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಮಮತೆ ಅರ್ಜಿ ಬರೆಯುವ, ಹಣ ಕೂಡಿಸುವ, ಸೂರು ಸೋರಿದಾಗ ದುರಸ್ತಿ ಮಾಡಿಸುವ ಕೆಲಸದವರೆಗೂ ಬರುತ್ತದೆಯೇ, ಇಲ್ಲವೇ ಹಳೆಯ ನೆನಪನ್ನು ಮೆಲುಕು ಹಾಕುವಲ್ಲಿಗೇ ಮುಗಿಯುತ್ತದೆಯೇ? ನಿಜವಾಗಿ ಹಾಗೆ ಉಳಿದ ಜಾಗಗಳನ್ನು ಬಲ್ಲವರು ದಯವಿಟ್ಟು ಬರೆಯಿರಿ.

ಉತ್ತರ 1:
ಖಂಡಿತ ಬಂದದ್ದುಂಟು. ನ್ಯೂಯಾರ್ಕ್‌ನ ಹಡ್ಸನ್ ನದಿಯ ದಡದಲ್ಲಿ, ಜಾರ್ಜ್ ವಾಷಿಂಗ್ಟನ್ ಸೇತುವೆಯ ಅಡಿಯಲ್ಲೇ, ಸುಮಾರು 40 ಅಡಿ ಎತ್ತರದ ಕೆಂಪು ದೀಪಸ್ತಂಭವೊಂದಿದೆ. 1931ರಲ್ಲಿ ಸೇತುವೆ ಆರಂಭವಾಗಿ ಅದರ ದೀಪಗಳೇ ನದಿಗೆ ಬೆಳಕು ಚೆಲ್ಲತೊಡಗಿದ ಮೇಲೆ ಇದಕ್ಕೆ ಕೆಲಸವಿಲ್ಲದಂತಾಯಿತು. 1948ರಲ್ಲಿ ದೀಪವನ್ನು ಆರಿಸಿದರು, 1951ರಲ್ಲಿ ಹರಾಜು ಹಾಕಲು ಹೊರಟರು. ಆದರೆ ಅಷ್ಟರಲ್ಲಿ, 1942ರಲ್ಲಿಯೇ, ಹಿಲ್ಡೆಗಾರ್ಡ್ ಸ್ವಿಫ್ಟ್ ಎಂಬ ಲೇಖಕಿ ಈ ಪುಟ್ಟ ದೀಪಸ್ತಂಭವನ್ನೇ ಕಥಾನಾಯಕನನ್ನಾಗಿ ಮಾಡಿ, ಪಕ್ಕದಲ್ಲಿ ದೈತ್ಯ ಸೇತುವೆ ಎದ್ದು ನಿಂತರೂ ತಾನು ಬೇಕಾದವನೇ ಎಂದು ಅದು ಕಂಡುಕೊಳ್ಳುವ ಕಥೆಯನ್ನು ಬರೆದಿದ್ದರು. ಆ ಕಥೆಯನ್ನು ಓದಿದ್ದ ಮಕ್ಕಳೂ ಅವರಿಗೆ ಓದಿ ಹೇಳಿದ್ದ ಹಿರಿಯರೂ ದನಿಯೆತ್ತಿದ್ದರಿಂದ ಹರಾಜು ನಿಂತು, ಅದೇ ವರ್ಷ ದೀಪಸ್ತಂಭವು ನಗರದ ಉದ್ಯಾನ ಇಲಾಖೆಯ ಕೈಸೇರಿತು. ನನ್ನ ಮಟ್ಟಿಗೆ ಆ ಕೂಗಿನ ದೊಡ್ಡ ಫಲವೆಂದರೆ ಹೇಳುವವರು ಕೇಳುವವರಿಲ್ಲದ ಕಟ್ಟಡಕ್ಕೆ ಒಬ್ಬ ಯಜಮಾನ ದೊರೆತದ್ದು. (ಪುಸ್ತಕ ಬರದೇ ಹೋಗಿದ್ದರೆ ಅದು ಗುಜರಿಗೆ ಹೋಗುತ್ತಿತ್ತೆಂದೇ ನನ್ನ ಊಹೆ.)

ಉತ್ತರ 2:
ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರ ಉದಾಹರಣೆ ಇನ್ನೂ ಗಟ್ಟಿಯಾದದ್ದು, ಏಕೆಂದರೆ ಅಲ್ಲಿ ಮಕ್ಕಳ ಪುಸ್ತಕಗಳಿಂದ ಬಂದ ಹಣವೇ ಭೂಮಿಯಾಯಿತು. ಮೊಲದ ಮರಿಗಳ ಕಥೆ ಬರೆದ ಆಕೆ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ-ಸರೋವರಗಳ ಸೀಮೆಯಲ್ಲಿ 1905ರಲ್ಲಿ ಮೊದಲ ಹಿಡುವಳಿಯನ್ನು ಕೊಂಡು, ಮುಂದೆ ಒಂದೊಂದಾಗಿ ಸೇರಿಸುತ್ತ, 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಭೂಮಿಯನ್ನು ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದರು. ಆ ಬೆಟ್ಟಗಳಿಗೆ ಒಗ್ಗಿದ ಹರ್ಡ್‌ವಿಕ್ ತಳಿಯ ಕುರಿಗಳನ್ನು ಸ್ವತಃ ಸಾಕಿ, ತಮ್ಮ ಬೆಟ್ಟದ ಹಿಡುವಳಿಗಳಲ್ಲಿ ಅದೇ ತಳಿ ಮುಂದುವರಿಯಬೇಕೆಂದು ಬಯಸಿದ್ದರು. ಕುರುಬನೂ ಕುರಿಯೂ ಇಲ್ಲದ ಮೇಲೆ ಬರಿಯ ಬೆಟ್ಟದ ನೋಟವನ್ನು ಕಾಯುವುದು ಸಾಧ್ಯವಿಲ್ಲವೆಂದು ಅವರು ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ.

ಉತ್ತರ 3:
ಎರಡೂ ನಿಜ, ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ವಿನ್ನಿ-ದ-ಪೂ ಎಂಬ ಕರಡಿಮರಿಯ ಕಥೆಯಿಂದ ಹೆಸರಾದ, ಇಂಗ್ಲೆಂಡಿನ ಆಶ್‌ಡೌನ್ ಕಾಡಿನ ಮರದ ಸೇತುವೆಯು ನೋಡಬಂದವರ ಕಾಲ್ತುಳಿತಕ್ಕೆ ಸವೆದು, 1999ರಲ್ಲಿ ಅದರ ಜಾಗದಲ್ಲಿ ಹೊಸದನ್ನು ಕಟ್ಟಬೇಕಾಯಿತು. ಕಥೆಯಲ್ಲಿರುವಂತೆ ಸೇತುವೆಯ ಮೇಲಿನಿಂದ ನೀರಿಗೆ ಕಡ್ಡಿ ಎಸೆಯುವ ಆಟವನ್ನು ಎಲ್ಲರೂ ಆಡಲು ಹೋದರೆ ಸುತ್ತಲಿನ ಗಿಡಮರಗಳ ಗತಿಯೇನು? ಇದಕ್ಕಿಂತ ನನ್ನನ್ನು ಕಾಡುವುದು ಬೇರೊಂದು ಸಂಗತಿ: ಯಾವ ಕಥೆಯಲ್ಲೂ ಬಾರದ ಜೌಗುಭೂಮಿಗೋ ಕೂಲಿಕಾರರ ಸಾಲುಮನೆಗೋ ದನಿಯೆತ್ತುವವರು ಯಾರು?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮೂರನೆಯ ಉತ್ತರದ ಆಕ್ಷೇಪ ನ್ಯಾಯವಾದದ್ದೇ. ಕಥೆಯಿಲ್ಲದ ಜಾಗಕ್ಕೆ ಅಲ್ಲಿ ಬಾಳಿದವರ ಮಾತುಗಳನ್ನು ದಾಖಲಿಸಿ, ಮಕ್ಕಳು ಓದುವಂತಹ ಸಣ್ಣ ಪುಸ್ತಕವನ್ನು ಈಗಲೇ ಬರೆಯುವುದು ಪ್ರಯೋಜನಕಾರಿಯೇ?

ಉತ್ತರ 2 ಬರೆದವರು:
ಪ್ರಯೋಜನಕಾರಿಯೇ, ಆದರೆ ಅದರ ಫಲಕ್ಕೆ ಇಪ್ಪತ್ತು ವರ್ಷ ಕಾಯಬೇಕಾದೀತು, ಬುಲ್ಡೋಜರ್ ಅಷ್ಟು ದಿನ ಕಾಯುವುದಿಲ್ಲ. ಪುಸ್ತಕ ಬರೆಯುತ್ತಿರುವಾಗಲೇ ಜಾಗದ ಒಡೆತನ ಯಾರದೆಂದು ದಾಖಲೆ ತೆಗೆಸಿ ನೋಡಿ, ಅದನ್ನು ಯಾವ ಸಂಸ್ಥೆ ವಹಿಸಿಕೊಳ್ಳಲು ಸಿದ್ಧವಿದೆಯೆಂದು ವಿಚಾರಿಸಿ.