ಪದಚರ್ಚೆ: ‘ಸಸ್ಯಜನ್ಯ ಪರಾವಲಂಬಿನಾಶಕ ಸಂಯುಕ್ತ’ಕ್ಕೆ ತಿಳಿಯಾದ ಪದ ಬೇಕು (ತುರ್ತು)

ನಮಸ್ಕಾರ. ಮಲೇರಿಯಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಪ್ಲಾಂಟ್ ಡಿರೈವ್ಡ್ ಆ್ಯಂಟಿಪ್ಯಾರಾಸಿಟಿಕ್ ಕಾಂಪೌಂಡ್’ಗೆ ಮೇಲಿನದನ್ನು ಹಾಕಿದರೆ ಆಶಾ ಕಾರ್ಯಕರ್ತೆಯರು ಓದಿ ಹೇಳುವುದು ಕಷ್ಟ. ಸಂದರ್ಭ ಆರ್ಟಿಮಿಸಿನಿನ್, ಚೀನಾದ ಚಿಂಗ್‌ಹಾವ್ ಗಿಡದಿಂದ ತೆಗೆದ ಮಲೇರಿಯಾ ಮದ್ದು. ಕುದಿಸಿದರೆ ಗುಣ ಕೆಡುತ್ತದೆಂದು ಚೀನೀ ವಿಜ್ಞಾನಿ ತೂ ಯೂಯೂ ಅವರ ತಂಡ ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆಯಿತು. ಆ ಸಾರದಿಂದ 1972ರಲ್ಲಿ ಶುದ್ಧ ಹರಳನ್ನು ಬೇರ್ಪಡಿಸಿತು. ‘ಸಾರ’ ಮೊದಲನೆಯದಕ್ಕೆ ಖರ್ಚಾಯಿತು. ಎರಡನೆಯದಕ್ಕೆ ಏನು?

ಮರು:
ಪರಾವಲಂಬಿ ಯಾಕೆ? ಮರದ ಮೇಲೆ ಕೂತು ಮರದ ರಸವನ್ನೇ ಹೀರುವ ಬಂದಳಿಕೆ ನಮ್ಮಲ್ಲೇ ಇದೆ, ಅಚ್ಚಗನ್ನಡ. ‘ಬಂದಳಿಕೆಮದ್ದು’ ಎನ್ನಿ. ಚೀನೀಯರು ಲ್ಯಾಟಿನ್ನಿಗೆ ಕೈಚಾಚಲಿಲ್ಲ, ತಮ್ಮ ಚಿಂಗ್‌ಹಾವ್ ಗಿಡದ ಹೆಸರಿಗೇ ‘ಸು’ (ಸತ್ವ) ಸೇರಿಸಿದರು. ನಾವು ‘ಮಾಚಿಪತ್ರೆ ಸತ್ವ’ ಎನ್ನಲು ನಾಚಬೇಕೆ?

ಮರು:
ಎರಡೂ ಆಗದು. ಅಚ್ಚಗನ್ನಡ ಎನ್ನುವ ಮೊದಲು ಸಂಸ್ಕೃತದ ‘ವಂದಾಕ’ವನ್ನು ನೋಡಿ. ಬಂದಳಿಕೆ ಓದಿದವರಿಗೆ ಮಾವಿನ ಕೊಂಬೆ ನೆನಪಾಗುತ್ತದೆ, ಕೆಂಪು ರಕ್ತಕಣದೊಳಗಿನ ಮಲೇರಿಯಾದ ಏಕಕೋಶ ಜೀವಿಯಲ್ಲ.
ಮಾಚಿಪತ್ರೆಯಂತೂ ಅಪಾಯ. ಅದೂ ದವನವೂ ಚಿಂಗ್‌ಹಾವ್ ಇರುವ ಆರ್ಟಿಮಿಸಿಯ ಕುಲದವೇ, ಆದರೆ ಆರ್ಟಿಮಿಸಿನಿನ್ ಕೊಡುವ ಗಿಡ ಬೇರೆ. ಕೈಪಿಡಿ ನಂಬಿ ಹಿತ್ತಿಲಿನ ಮಾಚಿಪತ್ರೆ ಕುದಿಸಿ ಕುಡಿಸಿ, ಜ್ವರದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ಹೊಣೆ ಯಾರು? ಅಸಲಿ ಗಿಡದ ಎಲೆ, ಚಹಾವನ್ನೂ ಮಲೇರಿಯಾಕ್ಕೆ ಬಳಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ.

ಮರು:
ಹಾಗಾದರೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಡಿ, ಅನುವಾದವೇಕೆ? ಹೊಸ ವಿಷಯ ಬಂದಾಗಲೆಲ್ಲ ಕನ್ನಡ ಬಾಗಿಲ ಹೊರಗೆ ನಿಲ್ಲಬೇಕೆ?

ಮರು:
ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಕನ್ನಡದ ಬಾಗಿಲು ದಾಟಿ ಎಷ್ಟು ಕಾಲವಾಯಿತು! ಆ ಹೆಸರಿನ ಮೂಲ ‘ತೊಗಟೆ’ ಎಂಬರ್ಥದ, ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ಪದ. ಇಂಗ್ಲಿಷರೂ ಸಾಲ ತಂದವರೇ. ಮದ್ದಿನ ಹೆಸರು ಊರಿಗೊಂದಾದರೆ ಔಷಧದಂಗಡಿಯಲ್ಲಿ ಚೀಟಿ ಓದುವವರಾರು? ಹೆಸರು ಆರ್ಟಿಮಿಸಿನಿನ್ ಎಂದೇ ಇರಲಿ, ವಿವರಣೆ ಕನ್ನಡದಲ್ಲಿರಲಿ.

ಮರು:
ಪ್ರಶ್ನೆ ಕೇಳಿದವಳು ನಾನು, ಸಮಯವಿಲ್ಲ. ‘ಆರ್ಟಿಮಿಸಿನಿನ್: ಗಿಡದಿಂದ ಬೇರ್ಪಡಿಸಿದ, ಮಲೇರಿಯಾ ರೋಗಾಣುವನ್ನು ಕೊಲ್ಲುವ ರಾಸಾಯನಿಕ’ ಎಂದು ಬರೆದೆ. ಕೆಳಗೆ ‘ಎಲೆಯ ಕಷಾಯ ಇದಕ್ಕೆ ಬದಲಿಯಲ್ಲ’ ಎಂದು ದಪ್ಪಕ್ಷರದಲ್ಲಿ ಸೇರಿಸಿದೆ.

ಮರು:
‘ರೋಗಾಣು’ ಬ್ಯಾಕ್ಟೀರಿಯಾಕ್ಕೂ ಸಲ್ಲುತ್ತದೆ. ಒಂದು ಕಡೆಯಾದರೂ ‘ಪರಾವಲಂಬಿ’ ಉಳಿಸಿ, ಶಾಲೆಯ ಪಾಠದಲ್ಲಿ ಇರುವ ಪದ.

ಮರು:
‘ಪರಾವಲಂಬಿ’ಗೆ ನನ್ನ ಒಪ್ಪಿಗೆಯಿಲ್ಲ. ಬಂದಳಿಕೆಯ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ.